ಮರೆತುಹೋದ ಹನ್ನೊಂದನೆಯ ಕೇಡು

"ಗುರುಗಳೇ, ಹೊಳೆಯಾಚೆಯ ಊರಿನವರು ನಮಗೆ ಮಾಡಿದ ಕೇಡು ಒಂದೆರಡಲ್ಲ. ಅವರೊಂದಿಗೆ ಬಾಳಬೇಕೆಂದರೆ ಹಳೆಯದನ್ನೆಲ್ಲ ಮರೆಯಲೇಬೇಕೆ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಕಡಲಲ್ಲಿ ಎರಡು ದ್ವೀಪಗಳಿದ್ದವು. ಎರಡು ದ್ವೀಪ, ಎರಡು ರಾಜ್ಯ. ನಡುವಿನ ದಾರಿ ಅರ್ಧ ದಿನದ್ದು. ಹಗೆ ಏಳು ತಲೆಮಾರಿನದು. ಮಳೆಗಾಲ ಕಳೆದು ದೋಣಿ ಇಳಿಸುವ ದಿನ ಮೂಡಣ ದ್ವೀಪದಲ್ಲಿ ಒಬ್ಬ ಮುದುಕ ದಡದಲ್ಲಿ ನಿಂತು, ಪಡುವಣದವರು ಮಾಡಿದ ಕೇಡುಗಳನ್ನು ಒಂದೂ ಬಿಡದೆ ಒಪ್ಪಿಸಬೇಕು. ಒಟ್ಟು ನಲವತ್ತು. ನಡುವೆ ತಡವರಿಸಿದರೆ ಅಪಶಕುನ. ಆ ವರ್ಷ ದೋಣಿ ನೀರಿಗಿಳಿಯುವಂತಿಲ್ಲ. ಪಡುವಣದಲ್ಲೂ ಅದೇ ಪದ್ಧತಿ, ಅಷ್ಟೇ ಕೇಡು. ಅಲ್ಲಿ ಒಪ್ಪಿಸುವವಳು ಒಬ್ಬ ಮುದುಕಿ.

ಒಂದು ವರ್ಷ, ಇನ್ನು ಮೂರೇ ದಿನ ಎನ್ನುವಾಗ, ಮುದುಕನಿಗೆ ಹನ್ನೊಂದನೆಯ ಕೇಡು ಮರೆತುಹೋಯಿತು. ಹತ್ತರವರೆಗೆ ಸರಾಗ, ಅಲ್ಲಿ ನಾಲಿಗೆ ನಿಲ್ಲುತ್ತಿತ್ತು. ಕೇಳಿ ತಿಳಿಯೋಣವೆಂದರೆ ಯಾರಿಗೂ ನೆನಪಿಲ್ಲ. ಅವನು ಒಪ್ಪಿಸುವಾಗ ಜನರ ಕಣ್ಣೆಲ್ಲ ದೋಣಿಯ ಮೇಲೆ. ಮನೆಗಳಲ್ಲಿ ಒಣಮೀನು ತೀರಿತ್ತು. ಮಕ್ಕಳು ಬರೀ ಗಂಜಿನೀರು ಕುಡಿಯುತ್ತಿದ್ದವು.

ಕೊನೆಗೆ ಮುದುಕ ಯಾರಿಗೂ ಕಾಣದಂತೆ ಪುಟ್ಟ ದೋಣಿಯೊಂದರಲ್ಲಿ ಒಬ್ಬನೇ ಹುಟ್ಟು ಹಾಕುತ್ತ ಪಡುವಣದ ಮುದುಕಿಯ ಬಳಿಗೆ ಹೋದ.

"ಅಕ್ಕ, ನೀವು ನಮಗೆ ಮಾಡಿದ ಹನ್ನೊಂದನೆಯ ಕೇಡು ಯಾವುದು?"

ಮುದುಕಿ ನಕ್ಕಳು. "ನಮ್ಮನ್ನು ಬೈಯುವುದಕ್ಕೆ ನಮ್ಮನ್ನೇ ಕೇಳಲು ಬಂದೆಯಾ? ನಾವು ಮಾಡಿದ್ದು ನನಗೇನು ಗೊತ್ತು ಮಾರಾಯ. ನೀವು ಮಾಡಿದ್ದು ಹೇಳುತ್ತೇನೆ, ಕೂತುಕೋ. ಅದರಲ್ಲಿ ಹುಡುಕಿಕೋ."

ಅವಳು ಒಪ್ಪಿಸತೊಡಗಿದಳು. ಮೂಡಣದವರು ಲಂಗರಿನ ಹಗ್ಗ ಕೊಯ್ದರು, ಒಂಬತ್ತು ದೋಣಿ ಕಡಲುಪಾಲಾದವು ಎಂದಾಗ ಮುದುಕ ತಲೆಯೆತ್ತಿದ.

"ಸಿಕ್ಕಿತು. 'ಒಂಬತ್ತು ದೋಣಿಗೆ ಇದು' ಎಂದು ಕೂಗುತ್ತ ನೀವು ಬಂದು ನಮ್ಮ ತೆಂಗಿನ ತೋಟ ಸುಟ್ಟಿರಿ. ಅದೇ ಹನ್ನೊಂದು. ಹಗ್ಗದ ವಿಷಯ ನಾನು ಕೇಳಿರಲಿಲ್ಲ."

"ತೋಟದ್ದು ನಾನೂ ಕೇಳಿರಲಿಲ್ಲ" ಎಂದಳು ಮುದುಕಿ.

ಆಮೇಲೆ ಅವಳೊಂದು, ಇವನೊಂದು. ಮುಗಿಯುವಾಗ ಹೊತ್ತು ಇಳಿದಿತ್ತು.

ದೋಣಿ ಇಳಿಸುವ ದಿನ ಮುದುಕ ದಡದಲ್ಲಿ ನಿಂತ. ತನ್ನದೊಂದು ಬಾಯಿಗೆ ಬಂದರೆ ಅವಳದೊಂದು ಅದರ ಮುಂದೆ ಬಂದು ನಿಲ್ಲುತ್ತಿತ್ತು. ತಡೆದರೆ ತಡವರಿಸಿದಂತೆ. ಎಂಬತ್ತನ್ನೂ ಒಪ್ಪಿಸಿಬಿಟ್ಟ. ಜನ ಮೊದಲ ಸಲ ಕಿವಿಗೊಟ್ಟು ಕೇಳಿದರು.

"ಅಜ್ಜ, ನೀನು ಯಾರ ಕಡೆಯವನು?" ಎಂದು ಒಬ್ಬ ಬೆಸ್ತ ಗದರಿದ.

"ಎಲ್ಲಾದರೂ ತಡವರಿಸಿದೆನೇ?"

ತಡವರಿಸಿರಲಿಲ್ಲ. ದೋಣಿಗಳನ್ನು ಇಳಿಸಿದರು. ಮರುವರ್ಷ ಅವನು ಒಪ್ಪಿಸುವುದನ್ನು ಕೇಳಲು ಪಡುವಣದಿಂದ ಮೂರು ದೋಣಿ ಜನ ಬಂದರು.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಮರೆಯಬೇಕಿಲ್ಲ ಅಲ್ಲವೇ?" ಎಂದ ಶಿಷ್ಯ.

"ಮರೆಯುವುದು ಆಮೇಲಾಗಲಿ. ನೀವು ಅವರಿಗೆ ಮಾಡಿದ್ದರಲ್ಲಿ ಒಂದನ್ನು ಹೇಳು."

ಶಿಷ್ಯ ಎದ್ದು, ಆಚೆಯ ಊರಿನವರನ್ನೇ ಕೇಳಿ ತಿಳಿಯಲು ಹೊಳೆಯ ಕಡೆ ನಡೆದ.