ಹುಲಿಗಿಯ ತುಂಡು

ತುಂಗಭದ್ರೆಯ ದಂಡೆಯಲ್ಲಿ ಒಂದು ಆಶ್ರಮ. ಅದರ ಅಂಗಳದಲ್ಲೇ ಒಂದು ಪ್ರಾಥಮಿಕ ಶಾಲೆ. ಆಶ್ರಮ ಮೌನೇಶಜ್ಜನದು. ಶಾಲೆ ನಡೆಸುತ್ತಿದ್ದವನು ಅವರ ಶಿಷ್ಯ ಪಂಪಾಪತಿ.

ಆ ವರ್ಷ ಪೋರ್ಚುಗಲ್ ದೇಶದ ಒಂದು ಸಣ್ಣ ಶಾಲೆಗೂ ಈ ಶಾಲೆಗೂ ಸ್ನೇಹ ಬೆಳೆದಿತ್ತು. ಎರಡೂ ಕಡೆಯ ಮಕ್ಕಳು ತಲಾ ಒಂದು ಬಟ್ಟೆಯ ತುಂಡು ಹೊಲಿಯಬೇಕು. ತುಂಡುಗಳನ್ನೆಲ್ಲ ಕೂಡಿಸಿ ಕೌದಿ ಮಾಡಿ ಒಬ್ಬರಿಗೊಬ್ಬರು ಕಳಿಸಬೇಕು. ಕರಾರು ಒಂದೇ, ಯಾವ ಮಗುವೂ ಹೊರಗೆ ಉಳಿಯಬಾರದು.

ಪಂಪಾಪತಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೋರ್ಡಿನ ನೆತ್ತಿಯಲ್ಲಿ ಬಣ್ಣದ ಸೀಮೆಸುಣ್ಣದಿಂದ ‘ನಾವೆಲ್ಲರೂ ಒಂದೇ ಕೌದಿ’ ಎಂದು ಬರೆದ. ಸುತ್ತ ಚೌಕ ಎಳೆದು, ಪಕ್ಕದಲ್ಲಿ ‘ಅಳಿಸಬಾರದು’ ಎಂದೂ ಬರೆದ.

ತುಂಗಭದ್ರೆಯ ಆ ಸೀಮೆಯಲ್ಲಿ ಕೌದಿ ಮುಗಿಸುವಾಗ ಕಡೆಯ ಅಂಚಿನಲ್ಲಿ ಒಂದು ಬಾಯಿ ಬಿಟ್ಟಿರುತ್ತಾರೆ. ಅದರೊಳಗೆ ರೊಟ್ಟಿಯ ಚೂರು ಇಟ್ಟು ಆಮೇಲೆ ಹೊಲಿಗೆ ಹಾಕುತ್ತಾರೆ. ಕೌದಿ ಹಸಿದಿರಬಾರದು ಅಂತ. ಆ ರೊಟ್ಟಿ ಇಡುವವರು ಮನೆಗೆ ಹಿರಿಯರು.

ಮಕ್ಕಳ ತುಂಡುಗಳೆಲ್ಲ ಕೂಡಿದ ಮೇಲೆ ಪಂಪಾಪತಿ ಕೌದಿಯನ್ನು ಗುರುಗಳ ಮುಂದೆ ಹಾಸಿದ.

“ಎಲ್ಲಾ ಮಕ್ಕಳೂ ಇದರಾಗ ಅದಾರೇನಪಾ?” ಎಂದು ಅಜ್ಜ ಕೇಳಿದರು.

“ಅದಾರ್ರಿ ಅಜ್ಜಾರ. ನಲವತ್ತೆರಡೂ ಮಂದಿ.”

ಅಜ್ಜ ರೊಟ್ಟಿಯ ಚೂರನ್ನು ಕಣ್ಣಿಗೊತ್ತಿಕೊಂಡು ಒಳಗಿಟ್ಟರು. ಪಂಪಾಪತಿ ಕೌದಿಯ ಬಾಯಿ ಮುಚ್ಚಿ ಹೊಲಿದ.

ಅವನು ಹೇಳಿದ್ದು ಸುಳ್ಳು. ಕೌದಿಯಲ್ಲಿದ್ದದ್ದು ನಲವತ್ತೊಂದು ಮಂದಿ.

ಇಲ್ಲದವಳು ಹುಲಿಗೆಮ್ಮ. ಎಲ್ಲರೂ ಹುಲಿಗಿ ಅನ್ನುತ್ತಿದ್ದರು. ಎಂಟು ವರ್ಷದ ಹುಡುಗಿ. ಹುಟ್ಟುವಾಗಲೇ ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು, ಬಿಚ್ಚುತ್ತಿರಲಿಲ್ಲ. ಸೂಜಿಯನ್ನು ಹಲ್ಲಲ್ಲಿ ಹಿಡಿದು, ಮೊಣಕಾಲಿನ ಮೇಲೆ ಬಟ್ಟೆ ಒತ್ತಿಕೊಂಡು ಆರು ದಿನ ಹೊಲಿದಿದ್ದಳು. ತೀರಿಹೋದ ಅಜ್ಜಿಯ ಕುಪ್ಪಸದಿಂದ ಕತ್ತರಿಸಿದ ಕೆಂಪು ಖಣದ ತುಂಡು ಅದು. ಹೊಳೆ ಬಿಡಿಸುತ್ತೇನೆ ಅಂದಿದ್ದಳು. ಹೊಲಿಗೆ ಎತ್ತೆತ್ತಲೋ ಹೋಗಿತ್ತು, ದಾರ ಗಂಟುಗಂಟಾಗಿತ್ತು, ಎರಡು ಕಡೆ ರಕ್ತದ ಕಲೆ ಇತ್ತು.

ಪಂಪಾಪತಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಪರದೇಶದ ಮಂದಿ ಇದನ್ನು ಕಂಡು ಏನಂದಾರು. ಮಗುವಿನ ಮಾನ ಹೋದೀತು. ಹೀಗೆಲ್ಲ ತನಗೆ ತಾನೇ ಹೇಳಿಕೊಂಡ. ನಿಜ ಹೇಳಬೇಕೆಂದರೆ ಅವನಿಗೆ ಚಿಂತೆ ಇದ್ದದ್ದು ತನ್ನ ಮಾನದ್ದು.

ಬೇರೆ ಕೆಂಪು ಬಟ್ಟೆ ತಂದು ತಾನೇ ನೇರವಾಗಿ ಒಂದು ಹೊಳೆ ಹೊಲಿದ. ಕೆಳಗೆ ಹುಲಿಗಿ ಎಂದು ಹೆಸರು ಹಾಕಿದ. ಅವಳ ತುಂಡನ್ನು ಮೇಜಿನ ಕೆಳಗಿನ ಚಿಂದಿ ಡಬ್ಬಿಗೆ ಎಸೆದು ಮರೆತುಬಿಟ್ಟ.

ಕೌದಿ ಕಡಲು ದಾಟಿತು. ಅದಾಗಿ ಎಂಟು ದಿನಕ್ಕೆ ಹುಲಿಗಿ ಶಾಲೆಗೆ ಬರುವುದು ನಿಂತಿತು. ಜ್ವರ ಬಂದಿರಬೇಕು ಅಂದುಕೊಂಡ ಪಂಪಾಪತಿ. ಹೋಗಿ ನೋಡಲಿಲ್ಲ.

ತಿಂಗಳ ಮೇಲೆ ಪೋರ್ಚುಗಲ್‌ನಿಂದ ಪತ್ರ ಬಂತು. ಅಲ್ಲಿನ ಟೀಚರ್ ಕೌದಿಯನ್ನು ಬಾಯಿತುಂಬ ಹೊಗಳಿದ್ದಳು. ಕೊನೆಗೆ ಹೀಗೆ ಬರೆದಿದ್ದಳು.

‘ನಮ್ಮಲ್ಲಿ ತೊಮಾಸ್ ಎಂಬ ಹುಡುಗನಿದ್ದಾನೆ. ಅವನ ಕೈ ಅವನ ಮಾತು ಕೇಳುವುದಿಲ್ಲ. ನಿಮ್ಮ ಶಾಲೆಯಲ್ಲೂ ಹುಲಿಗಿ ಎಂಬ ಅಂಥದೇ ಹುಡುಗಿ ಇದ್ದಾಳೆಂದು ನೀವು ಮೊದಲೇ ಬರೆದಿದ್ದಿರಿ. ಕೌದಿ ಬಂದ ದಿನ ಅವನು ಅವಳ ತುಂಡನ್ನೇ ಹುಡುಕಿದ. ಹೊಲಿಗೆಯ ಮೇಲೆ ಕೆನ್ನೆ ಇಟ್ಟು ನೋಡಿ, ಇದು ಅವಳು ಹೊಲಿದದ್ದಲ್ಲ ಅಂದ. ಅವಳದು ಎಲ್ಲಿದೆ ಎಂದು ದಿನಾ ಕೇಳುತ್ತಾನೆ. ಏನು ಹೇಳಲಿ?’

ಪಂಪಾಪತಿ ಅದನ್ನು ಇನ್ನೊಮ್ಮೆ ಓದಿದ. ಪತ್ರ ಹಿಡಿದುಕೊಂಡು ಹೊಳೆಯ ಮೆಟ್ಟಿಲಿಗೆ ಹೋದ. ಅಜ್ಜ ಅಲ್ಲಿ ಧೋತರ ಹಿಂಡುತ್ತಿದ್ದರು. ಒಂದೂ ಮುಚ್ಚಿಡದೆ ಎಲ್ಲ ಹೇಳಿದ.

ಅಜ್ಜ ಧೋತರವನ್ನು ಮೆಟ್ಟಿಲ ಮೇಲಿಟ್ಟರು.

“ನನ್ನ ಕೈಲೆ ರೊಟ್ಟಿ ಇಡಿಸಿದೆಲ್ಲಪಾ,” ಅಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಈ ಮಾತನ್ನು ತಡೆದುಕೊಳ್ಳಲು ಅವನಿಂದ ಆಗಲಿಲ್ಲ.

“ತಪ್ಪಾತ್ರಿ ಅಜ್ಜಾರ. ಈಗ ಏನ್ ಮಾಡ್ಲಿ?”

“ಆಕಿ ತುಂಡು ಎಲ್ಲೈತಿ?”

“ಚಿಂದಿ ಡಬ್ಬ್ಯಾಗ ಇರಬೇಕ್ರಿ.”

“ತಗೊಂಡು ಬಾ.”

ಪಂಪಾಪತಿ ಡಬ್ಬಿಯನ್ನು ಬೋರಲು ಹಾಕಿ ಹುಡುಕಿದ. ಅದರಲ್ಲಿ ಇರಲಿಲ್ಲ. ತಲೆ ಎತ್ತಿದರೆ ಮೇಜಿನ ಮೇಲೆ ಕಂಡಿತು. ಬೋರ್ಡ್ ಒರೆಸುವ ಬಟ್ಟೆ. ಡಬ್ಬಿಯಿಂದ ಯಾರೋ ಎತ್ತಿಕೊಂಡಿದ್ದರು, ದಿನಾ ಅದರಿಂದಲೇ ಒರೆಸುತ್ತಿದ್ದರು. ಅವನೂ ಒರೆಸಿದ್ದ. ಸೀಮೆಸುಣ್ಣ ಮೆತ್ತಿ ಕೆಂಪು ಬಣ್ಣ ಕಾಣದಂತಾಗಿತ್ತು, ದಾರದ ಗಂಟುಗಳಿಂದಲೇ ಗುರುತು ಸಿಕ್ಕಿತು.

ಆಗ ಅವನಿಗೆ ಆ ದಿನ ನೆನಪಾಯಿತು.

ಹುಲಿಗಿ ಶಾಲೆಗೆ ಬಂದ ಕೊನೆಯ ದಿನ. ಅವಳಿಗೂ ಒಂದು ಕೆಲಸ ಕೊಡೋಣ, ಹುಡುಗಿಗೆ ಖುಷಿಯಾದೀತು ಅಂತ ಅವನೇ ಕರೆದಿದ್ದ. “ಹುಲಿಗಿ, ಬಾರವ್ವ, ಬೋರ್ಡ್ ಒರಸು.” ಅವಳು ಎರಡು ಅಂಗೈಗಳ ನಡುವೆ ಬಟ್ಟೆ ಎತ್ತಿಕೊಂಡು ಅದನ್ನೇ ನೋಡುತ್ತ ನಿಂತಿದ್ದಳು. “ಲಗೂ ಲಗೂ ಒರಸವ್ವ, ಏನ್ ನೋಡ್ತಿ,” ಎಂದು ಇವನು ಅವಸರ ಮಾಡಿದ್ದ. ಅವಳು ಚೌಕದೊಳಗಿನ ಅಕ್ಷರ ಮುಟ್ಟದೆ, ಉಳಿದ ಬೋರ್ಡನ್ನೆಲ್ಲ ಚೊಕ್ಕವಾಗಿ ಒರೆಸಿದ್ದಳು. ಆಮೇಲೆ ಬಟ್ಟೆಯನ್ನು ಹೇಗೋ ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟು ಹೋಗಿದ್ದಳು.

ಒರೆಸುವ ಬಟ್ಟೆಯನ್ನು ಯಾರು ಮಡಚಿಡುತ್ತಾರೆ. ಅಷ್ಟೂ ಹೊಳೆಯಲಿಲ್ಲವಲ್ಲ ತನಗೆ ಎಂದು ಅವನು ಹಣೆ ಹಣೆ ಬಡಿದುಕೊಂಡ.

ತುಂಡನ್ನು ಹೊಳೆಗೆ ಒಯ್ದು ತೊಳೆದ. ಮತ್ತೆ ಮತ್ತೆ ತೊಳೆದ. ಸುಣ್ಣ ಹೋಯಿತು, ಅದರ ಸಂಗಡ ಕೆಂಪೂ ಹೋಯಿತು. ಗಂಟುಗಳು ಮಾತ್ರ ಹಾಗೇ ಇದ್ದವು.

“ಆ ಹುಡುಗಗ ಕಾಗದ ಬರೀತೀನ್ರಿ ಅಜ್ಜಾರ. ನಡೆದದ್ದು ನಡೆದಂಗ,” ಅಂದ.

“ಬರಿ. ಮೊದಲು ಹುಲಿಗಿಗೆ ಓದಿ ಹೇಳು.”

ಪಂಪಾಪತಿ ಬರೆದ. ತನ್ನ ತಪ್ಪನ್ನೆಲ್ಲ ಒಪ್ಪಿಕೊಂಡು, ಅಳು ಬರುವ ಹಾಗೆ ಬರೆದ. ಎಲ್ಲೂ ಚಿತ್ತುಕಾಟು ಇರಲಿಲ್ಲ. ಮರುದಿನ ಮುಂಜಾನೆ ಪತ್ರ ಮತ್ತು ತುಂಡು ಹಿಡಿದು ಇಟ್ಟಿಗೆ ಭಟ್ಟಿಗೆ ನಡೆದ. ಹುಲಿಗಿಯ ಅವ್ವ ಯಲ್ಲವ್ವ ಅಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಹುಲಿಗಿ ನೆರಳಲ್ಲಿ ಕೂತು ತಂಗಿಯನ್ನು ಆಡಿಸುತ್ತಿದ್ದಳು.

“ಸಾಲಿಗೆ ಹೋಗಂದ್ರ ಒಲ್ಲೆ ಅಂತಾಳ್ರಿ ಸರ,” ಅಂದಳು ಯಲ್ಲವ್ವ. “ಯಾಕಂದ್ರ ಹೇಳೂದಿಲ್ಲ. ಹೊಡದೂ ನೋಡಿದೆ.”

ತನ್ನಿಂದಾಗಿ ಮಗು ಏಟನ್ನೂ ತಿಂದಿದೆ. ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಣ್ಣಲ್ಲೇ ಮಂಡಿಯೂರಿ ಪತ್ರ ಓದಿದ. ಹುಲಿಗಿ ಕೇಳಿದಳೋ ಇಲ್ಲವೋ, ತಂಗಿಯ ಮೂಗು ಒರೆಸುತ್ತಿದ್ದಳು. ಓದಿ ಮುಗಿಸಿ ತುಂಡನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದ.

“ತಗೋ ಹುಲಿಗಿ. ನಿಂದು ಇದು. ಇದನ್ನ ಆ ದೇಶಕ್ಕ ಕಳಸೋಣು. ಸಾಲಿಗೆ ಬಾರವ್ವ.”

ಹುಲಿಗಿ ತುಂಡನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

“ಬ್ಯಾಡ್ರಿ ಸರ,” ಅಂದಳು. “ಬೋರ್ಡ್ ಒರಸಾಕ ಬೇಕಾಕ್ಕೈತಿ. ನೀವ ಇಟ್ಕೋರಿ.”

ಪಂಪಾಪತಿ ಚಾಚಿದ ಕೈ ಹಿಂತೆಗೆಯಲಿಲ್ಲ.

ಹುಲಿಗಿ ತಂಗಿಯನ್ನು ಸೊಂಟಕ್ಕೇರಿಸಿಕೊಂಡು ಭಟ್ಟಿಯ ಆಚೆಗೆ ಹೊರಟುಹೋದಳು. ಅವನು ಕಾದ. ಅವಳು ತಿರುಗಿ ಬರಲಿಲ್ಲ.

ಪಂಪಾಪತಿ ಆಶ್ರಮಕ್ಕೆ ಮರಳಿದಾಗ ಶಾಲೆಯ ಗಂಟೆ ಆಗಿತ್ತು. ಅಜ್ಜ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಒಳಗೆ ನಲವತ್ತೊಂದು ಮಕ್ಕಳು ಕೂತಿದ್ದರು. ಮುಂದಿನ ಸಾಲಿನಲ್ಲಿ ಒಂದು ಮಣೆ ಖಾಲಿ ಇತ್ತು.

ಹುಲಿಗಿ ಆಡಿದ ಮಾತನ್ನು ಅಜ್ಜನಿಗೆ ಹೇಳಿದ.

“ಬರ್ತಾಳೇನ್ರಿ ಅಜ್ಜಾರ, ಯಾವತ್ತಾರ?”

“ಗೊತ್ತಿಲ್ಲಪಾ.”

“ನೀವರ ಕರದ್ರ ಬರ್ತಾಳ್ರಿ.”

“ನಾ ಕರದ್ರ ನನ್ನ ಸಲುವಾಗಿ ಬರ್ತಾಳ. ನಿನ್ನ ಬೋರ್ಡಿನ ಮುಂದ ಕುಂದರಾಕ ಅಲ್ಲ.”

ಪಂಪಾಪತಿ ಕೈಯಲ್ಲಿದ್ದ ತುಂಡನ್ನು ನೋಡಿದ. ಅದು ಒಣಗಿತ್ತು.

“ಈ ಕಾಗದ ಕಳಸ್ಲೋ ಬ್ಯಾಡೋ? ಇದನ್ನೇನ್ ಮಾಡ್ಲಿ? ನನಗ ಏನೂ ತಿಳೀವಲ್ದು ಅಜ್ಜಾರ.”

ಅಜ್ಜ ಬೋರ್ಡಿನ ಕಡೆ ನೋಡಿದರು. ನೆತ್ತಿಯ ಚೌಕದಲ್ಲಿ ‘ನಾವೆಲ್ಲರೂ ಒಂದೇ ಕೌದಿ’ ಎಂಬ ಬಣ್ಣದ ಅಕ್ಷರಗಳು ಬರೆದ ದಿನ ಇದ್ದ ಹಾಗೇ ಇದ್ದವು.

“ಆಕಿ ಹೇಳಿದಂಗ ಮಾಡು,” ಅಂದರು. “ಬೋರ್ಡ್ ಒರಸು. ಮ್ಯಾಲಿಂದ ಶುರು ಮಾಡು.”