ಇಪ್ಪತ್ತನಾಲ್ಕು ಟಿಕ್ಕುಗಳು

ಮಂಕಾಳಕ್ಕ ನಲವತ್ತು ವರ್ಷ ಸಮುದ್ರದ ತಳ ನೋಡಿದವಳು. ಮೊದಲು ಉಸಿರು ಕಟ್ಟಿ ಮುಳುಗಿ ಬಂಡೆಯ ಚಿಪ್ಪು ಕೀಳುತ್ತಿದ್ದಳು. ಆಮೇಲೆ ಬೆನ್ನಿಗೆ ಸಿಲಿಂಡರ್ ಕಟ್ಟಿ ಇಳಿಯುವುದನ್ನು ಕಲಿಸತೊಡಗಿದಳು. ಅಳಿವೆಯ ಬದಿಯ ಚಪ್ಪರವೇ ಅವಳ ಶಾಲೆ.

ಅವಳ ಶಿಷ್ಯ ದಾಮು ಈಗ ತಾನೂ ಕಲಿಸುತ್ತಾನೆ. ಅವನು ಪಾಸು ಮಾಡಿದವರ ಕಾರ್ಡಿಗೆ ಅವಳು ಮೊಹರು ಒತ್ತಬೇಕು. ಮೊಹರು ಬಿದ್ದವರು ಗುರುವಿಲ್ಲದೆ, ಒಬ್ಬ ಜೊತೆಗಾರನನ್ನು ನಂಬಿ ಕಡಲಿಗೆ ಇಳಿಯಬಹುದು.

ಅವತ್ತು ದಾಮು ತನ್ನ ಹೊಸ ಶಿಷ್ಯ ತ್ರಿವಿಕ್ರಮನ ಕಾರ್ಡು, ಟಿಕ್ಕು ಹಾಕಿದ ಪಾಠದ ಪುಸ್ತಕ ತಂದ. ಕೂರಲಿಲ್ಲ. ಚಪ್ಪರದ ಈ ಕಂಬದಿಂದ ಆ ಕಂಬಕ್ಕೆ ನಡೆದ, ತಿರುಗಿ ಬಂದ.

"ಅಕ್ಕಾ, ನಾಲ್ಕು ದಿನ ಸಾಕಾ?"

"ಎಂಥಕ್ಕೆ? ಮಾವಿನಮಿಡಿ ಉಪ್ಪಿಗೆ ಹಾಕಿದರೂ ನಾಲ್ಕು ದಿನಕ್ಕೆ ಚಿರುಟುವುದಿಲ್ಲ."

"ತಮಾಷೆ ಬೇಡ. ಪುಸ್ತಕದಲ್ಲಿ ನಾಲ್ಕು ದಿನ ಅಂತಲೇ ಇದೆ. ಇಪ್ಪತ್ತನಾಲ್ಕು ಪಾಠ, ಇಪ್ಪತ್ತನಾಲ್ಕು ಟಿಕ್ಕು. ತ್ರಿವಿಕ್ರಮ ಎಲ್ಲಾ ಮಾಡಿದ್ದಾನೆ."

"ಮತ್ತೆ ನಿನ್ನ ಕಾಲಿಗೆ ಇರುವೆ ಹತ್ತಿದೆಯಾ?"

ದಾಮು ನಿಂತ. "ನಾಳೆ ಹೆಂಡತಿಯನ್ನು ಕರೆದುಕೊಂಡು ದ್ವೀಪದ ಹತ್ತಿರ ಇಳಿಯುತ್ತಾನಂತೆ. ಇಬ್ಬರೇ. ಅವಳಿಗೆ ಮೊದಲೇ ಕಾರ್ಡಿದೆ. ದೋಣಿಗೆ ಹೇಳಿಯೂ ಆಗಿದೆ."

"ನೀರಿನೊಳಗೆ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡನಾ?"

"ಹಾಕಿಕೊಂಡ."

"ಎಷ್ಟನೇ ಸಲಕ್ಕೆ?"

"ಮೂರನೇ ಸಲಕ್ಕೆ."

"ಮತ್ತೊಮ್ಮೆ ಮಾಡಿಸಿದೆಯಾ?"

"ಎಷ್ಟು ಸಲ ಮಾಡಿದರೂ ಟಿಕ್ಕು ಒಂದೇ ಅಲ್ಲವಾ ಅಕ್ಕಾ?"

"ಎಲ್ಲಿ ಮಾಡಿದ?"

"ಹೋಟೆಲಿನ ಈಜುಕೊಳದಲ್ಲಿ. ಎದೆಮಟ್ಟದ ನೀರು."

"ಅಲ್ಲಿ ಹೆದರಿಕೆಯಾದರೆ ಎದ್ದು ನಿಲ್ಲಬಹುದು," ಎಂದಳು ಮಂಕಾಳಕ್ಕ. "ಒಳ್ಳೆಯ ಸಮುದ್ರ ಅದು."

ಅಷ್ಟರಲ್ಲಿ ತ್ರಿವಿಕ್ರಮನೇ ಹೆಂಡತಿ ಶಾಲ್ಮಲಿಯ ಜೊತೆ ಬಂದ. "ಮೊಹರು ಆಯಿತಾ ಅಮ್ಮ? ಎಲ್ಲ ಪಾಸಾಗಿದ್ದೇನೆ. ಪುಸ್ತಕ ನೋಡಿ ಬೇಕಾದರೆ."

"ನೋಡಿದೆ ಮಾರಾಯ. ನನ್ನ ಮೊಮ್ಮಗಳ ಕಾಪಿ ಪುಸ್ತಕದಲ್ಲೂ ಇಷ್ಟು ಚಂದದ ಟಿಕ್ಕು ಇಲ್ಲ."

ಶಾಲ್ಮಲಿ ನಕ್ಕಳು. ತ್ರಿವಿಕ್ರಮ ನಗಲಿಲ್ಲ.

ಮಂಕಾಳಕ್ಕ ಎದ್ದು ತೂಕದ ಬೆಲ್ಟು ಸೊಂಟಕ್ಕೆ ಬಿಗಿದಳು. ಸಿಲಿಂಡರಿನ ಪಟ್ಟಿಗೆ ತೋಳು ತೂರಿಸಿದಳು.

"ಬಾ. ಹನ್ನೆರಡು ಮೀಟರು ಆಳದ ಬಂಡೆಯ ಹತ್ತಿರ ಹೋಗುವ, ನಾವಿಬ್ಬರೇ. ಅಲ್ಲಿ ನನ್ನ ಗಾಳಿ ನಾನೇ ಮುಚ್ಚಿಕೊಳ್ಳುತ್ತೇನೆ. ನಿನ್ನ ಸಿಲಿಂಡರಿನ ಎರಡನೇ ಗಾಳಿ ಕೊಳವೆ ನನ್ನ ಬಾಯಿಗೆ ಕೊಡು. ಹದಿನೇಳನೇ ಟಿಕ್ಕು ಅದೇ ತಾನೇ?"

"ಹೌದು," ಎಂದ ತ್ರಿವಿಕ್ರಮ. ಅವನ ದನಿ ಸಣ್ಣದಾಗಿತ್ತು.

ಮಂಕಾಳಕ್ಕ ನೀರಿನ ಕಡೆ ನಡೆದಳು. ಮೊಣಕಾಲು ಮುಳುಗಿತು, ಸೊಂಟ ಮುಳುಗಿತು.

ದಾಮು ಬಟ್ಟೆಯಲ್ಲೇ ನೀರಿಗೆ ಓಡಿದ. ಅವಳ ಭುಜದ ಪಟ್ಟಿ ಹಿಡಿದು ಎಳೆದ.

"ಬೇಡ ಅಕ್ಕಾ!"

"ಯಾಕೆ? ನೀನೇ ಪಾಸು ಮಾಡಿದವನು."

"ನಿಮಗೆ ಅರವತ್ತೆಂಟು."

"ನನ್ನ ವಯಸ್ಸು ಅವನ ಕಾರ್ಡಿನಲ್ಲಿ ಬರೆದಿಲ್ಲ."

"ಅವನು ಗಾಬರಿಯಾದರೆ? ನಿಮ್ಮನ್ನು ಬಿಟ್ಟು ಮೇಲಕ್ಕೆ ಹಾರಿದರೆ?" ದಾಮು ಪಟ್ಟಿ ಬಿಡಲಿಲ್ಲ.

ದಡದಲ್ಲಿ ಶಾಲ್ಮಲಿ ಗಂಡನ ಮುಖ ನೋಡಿದಳು. ಆಮೇಲೆ ದ್ವೀಪದ ಕಡೆ ನೋಡಿದಳು.

"ನಾಳೆಯ ದೋಣಿ ಬೇಡ ಅಂತ ಹೇಳಿಬಿಡಿ," ಎಂದಳು.

ದಾಮು ಪಟ್ಟಿ ಹಿಡಿದುಕೊಂಡೇ, ಇನ್ನೊಂದು ಕೈಯಲ್ಲಿದ್ದ ಕಾರ್ಡನ್ನು ತನ್ನ ಜೇಬಿಗೆ ಹಾಕಿಕೊಂಡ.

"ಹಾಗಾದರೆ ಎಷ್ಟು ದಿನ ಕಲಿಸಲಿ ಅಕ್ಕಾ?"

ಮಂಕಾಳಕ್ಕ ಅವನ ಬೆರಳುಗಳನ್ನು ಒಂದೊಂದಾಗಿ ಪಟ್ಟಿಯಿಂದ ಬಿಡಿಸಿದಳು.

"ನಾನು ಅವನ ಜೊತೆ ಇಳಿಯುವಾಗ ತಡೆಯಲು ನಿನ್ನ ಈ ಕೈ ಏಳದ ದಿನದವರೆಗೆ."