ಒಂದೇ ಅಚ್ಚಿನ ಎರಡು ಎಂಜಿನ್‌ಗಳು

ದಸ್ತಗೀರನ ಗ್ಯಾರೇಜಿನಲ್ಲಿ ಒಂದೇ ಕಾರ್ಖಾನೆಯ, ಒಂದೇ ಅಚ್ಚಿನ ಎರಡು ಎಂಜಿನ್‌ಗಳು ಎದುರುಬದುರಾದವು. ಒಂದು ರೇಸ್ ಕಾರಿನದು. ಅದನ್ನು ಮೇಜಿನ ಮೇಲೆ ಬಿಚ್ಚಿ ಹರವಿದ್ದರು. ಇನ್ನೊಂದು ಬಾಡಿಗೆ ಕಾರಿನದು. ಆಯಿಲ್ ಬದಲಿಸಿಕೊಳ್ಳಲು ಬಂದಿತ್ತು.

"ತಮ್ಮಾ, ನನ್ನಷ್ಟೇ ಶಕ್ತಿ ನಿನಗೂ ಇದೆ. ಕಂಪನಿಯವರು ಮೂಗುದಾರ ಹಾಕಿ ಅರ್ಧಕ್ಕೇ ತಡೆದಿದ್ದಾರೆ. ನಿನಗೆ ನಾಚಿಕೆಯಾಗುವುದಿಲ್ಲವೇ?" ಎಂದಿತು ರೇಸಿನ ಎಂಜಿನ್.

"ನಿನ್ನನ್ನು ಯಾಕೆ ಬಿಚ್ಚಿದ್ದಾರೆ?" ಎಂದು ಬಾಡಿಗೆ ಎಂಜಿನ್ ಕೇಳಿತು.

"ಪೂರ್ತಿ ಶಕ್ತಿಯಲ್ಲಿ ಓಡಿದವರನ್ನು ಪ್ರತಿ ರೇಸಿನ ನಂತರ ಬಿಚ್ಚಲೇಬೇಕು. ಸವೆದ ಪಿಸ್ಟನ್ ತೆಗೆದು ಹೊಸದು ಹಾಕುತ್ತಾರೆ. ನನ್ನ ಸೇವೆಗೆ ಮೆಕ್ಯಾನಿಕ್‌ಗಳ ದಂಡೇ ಇದೆ. ನಿನಗೆ ಯಾರಿದ್ದಾರೆ?"

"ಡ್ರೈವರ್ ಈರಣ್ಣ ಇದ್ದಾನೆ. ನೆನಪಾದಾಗ ಆಯಿಲ್ ಹಾಕಿಸುತ್ತಾನೆ."

ಅಷ್ಟರಲ್ಲಿ ಈರಣ್ಣನೇ ಓಡಿ ಬಂದ. "ದಸ್ತಗೀರಣ್ಣ, ಗಾಡಿ ಈಗಲೇ ಬೇಕು! ತಂಗಿಗೆ ಹೆರಿಗೆ ನೋವು ಶುರುವಾಗಿದೆ. ಘಾಟಿ ಹತ್ತಿಸಿ ಆಸ್ಪತ್ರೆಗೆ ಸೇರಿಸಬೇಕು."

"ಆಯಿಲ್ ಇನ್ನೂ ಬದಲಿಸಿಲ್ಲ ಕಣಪ್ಪ. ಹಳೇದು ಕರ್ರಗಾಗಿದೆ."

"ಅದರಲ್ಲೇ ಹೋಗುತ್ತೆ ಬಿಡಣ್ಣ" ಎಂದು ಈರಣ್ಣ ಕೀಲಿ ತಿರುಗಿಸಿದ.

ರೇಸಿನ ಎಂಜಿನ್‌ಗೆ ತಡೆಯಲಾಗಲಿಲ್ಲ. "ಎಂಥ ಮನುಷ್ಯ! ನಿನ್ನ ಬಾನೆಟ್ ಎತ್ತಿ ಕೂಡ ನೋಡಲಿಲ್ಲವಲ್ಲ!"

"ಅವನು ನೋಡುವುದಿಲ್ಲ ಅಂತ ಕಂಪನಿಯವರಿಗೆ ಮೊದಲೇ ಗೊತ್ತಿತ್ತು, ಅಣ್ಣಾ. ಮೂಗುದಾರ ಹಾಕಿದ್ದು ಅದಕ್ಕೇ" ಎಂದು ಹೇಳಿ ಬಾಡಿಗೆ ಎಂಜಿನ್ ಹೊರಟಿತು.

ಘಾಟಿಯ ಮೇಲಿನ ಆಸ್ಪತ್ರೆಯಲ್ಲಿ ಮಗು ಅತ್ತ ಹೊತ್ತಿಗೂ ರೇಸಿನ ಎಂಜಿನ್ ಮೇಜಿನ ಮೇಲೆ ಹೊಸ ಪಿಸ್ಟನ್‌ಗಾಗಿ ಕಾಯುತ್ತಲೇ ಇತ್ತು.